ಮೇಲ್ಸೇತುವೆಯ ಕೆಳಗಿನ ಸಾಮತಿ

2016ರ ಸೆಪ್ಟೆಂಬರ್ 4, ಭಾನುವಾರ. ಕಥೋಲಿಕ ಚರ್ಚುಗಳಲ್ಲಿ ಅಂದಿನ ಪೂಜೆಗೆ ಗೊತ್ತಾಗಿದ್ದ ವಾಚನ ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯದ್ದು. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕಬೇಡವೇ, ಪಂಚಾಂಗ ಹಾಕಿ ಅಷ್ಟಕ್ಕೇ ಕೈಬಿಟ್ಟರೆ ಕಂಡವರು ನಗುವುದಿಲ್ಲವೇ ಎಂದು ಯೇಸು ಕೇಳುವ ಭಾಗ ಅದು. ತೊಕ್ಕೊಟ್ಟಿನ ಜನರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅವರ ಊರಿನ ಮೇಲ್ಸೇತುವೆಯ ಕಾಮಗಾರಿ ಆಗ ಇನ್ನೂ ಮುಗಿದಿರಲಿಲ್ಲ. ನೇತ್ರಾವತಿಯ ಆಚೆ ಪಂಪ್‌ವೆಲ್ಲಿನದ್ದೂ ಅದೇ ಕಥೆ. ಉಳ್ಳಾಲಕ್ಕೆ, ದೇರಳಕಟ್ಟೆಗೆ, ಕಾಸರಗೋಡಿಗೆ ಹೋಗುವ ಬಸ್ಸುಗಳು ಆ ಕಂಬಗಳ ಬುಡದಲ್ಲೇ ಧೂಳೆಬ್ಬಿಸುತ್ತ ತೆವಳುತ್ತಿದ್ದವು. ಎರಡು ಸಾವಿರ ವರ್ಷಗಳ ಹಿಂದಿನ ಗೋಪುರ ಊರಿನ ಜಂಕ್ಷನ್ನಿನಲ್ಲೇ ನಿಂತಿತ್ತು.

ಬೈಬಲಿನ ಓದಿಗೂ ಕೇಳುವವರ ಬದುಕಿಗೂ ನಡುವೆ ಹೀಗೊಂದು ಕೊಂಡಿ ಸಿಗಬೇಕೆಂದು ಪಾದ್ರಿಗಳು ವಾರವಿಡೀ ಹುಡುಕುತ್ತಾರೆ. ಆ ಕೊಂಡಿಯನ್ನು ಉದಾಹರಣೆ, ದೃಷ್ಟಾಂತ ಎಂದು ಕರೆಯುವುದು ರೂಢಿ. ಹರಿಕಥೆ ಕೇಳಿದವರಿಗೆ ದೃಷ್ಟಾಂತ ಹೊಸದಲ್ಲ. ಮೂಲ ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ‘ಒಂದೂರಲ್ಲಿ ಒಬ್ಬ’ ಎಂದು ದಾಸರು ಬೇರೊಂದು ಕಥೆಗೆ ಇಳಿದರೆ ತೂಕಡಿಸುತ್ತಿದ್ದವರೂ ಕಣ್ಣು ಬಿಡುತ್ತಾರೆ. ಚರ್ಚಿನಲ್ಲೂ ಆಗುವುದು ಅದೇ.

ತೊಕ್ಕೊಟ್ಟು ಮಂಗಳೂರಿನ ದಕ್ಷಿಣಕ್ಕೆ, ನೇತ್ರಾವತಿ ಸೇತುವೆ ದಾಟಿದ ಮೇಲೆ ಸಿಗುವ ಕೂಡುರಸ್ತೆಯ ಊರು. ಪೆರ್ಮನ್ನೂರಿನ ಸಂತ ಸೆಬಾಸ್ತಿಯನ್ನರ ಚರ್ಚು ಇರುವುದು ಇಲ್ಲೇ. ಉಳ್ಳಾಲದ ದರ್ಗಾಕ್ಕೂ ಸೋಮೇಶ್ವರದ ದೇವಸ್ಥಾನಕ್ಕೂ ದಾರಿ ಇಲ್ಲಿಂದಲೇ. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಬ್ಯಾರಿ. ಒಬ್ಬರೇ ದಿನಕ್ಕೆ ನಾಲ್ಕು ಭಾಷೆ ಬದಲಿಸುವ ಜಾಗ ಇದು. ಕೊಂಕಣಿ ಕಥೋಲಿಕರ ಬಾಯಲ್ಲಿ ಪ್ರವಚನಕ್ಕೆ ‘ಶೆರ್ಮಾಂವ್’ ಎಂಬ ಪೋರ್ಚುಗೀಸ್ ಮೂಲದ ಮಾತು ಇನ್ನೂ ಉಳಿದಿದೆ. ಬಾಸೆಲ್ ಮಿಶನ್ ಪರಂಪರೆಯ ಪ್ರೊಟೆಸ್ಟಂಟರಿಗೆ ಅದು ‘ಪ್ರಸಂಗ’. ಯೇಸು ಹೇಳಿದ ಚಿಕ್ಕ ಕಥೆಗಳನ್ನು ಕನ್ನಡದ ಕಥೋಲಿಕರು ಸಾಮತಿ ಎಂದರೆ, ಪ್ರೊಟೆಸ್ಟಂಟರು ಸಾಮ್ಯ ಎನ್ನುತ್ತಾರೆ.

ಕಥೋಲಿಕ ಪಾದ್ರಿಗಳು ಭಾನುವಾರದ ಓದನ್ನು ತಾವಾಗಿ ಆರಿಸುವಂತಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ, 1969ರಿಂದ, ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಸುತ್ತುತ್ತವೆ. ಒಂದು ವರ್ಷ ಮತ್ತಾಯ, ಮರುವರ್ಷ ಮಾರ್ಕ, ಮೂರನೆಯ ವರ್ಷ ಲೂಕ, ನಡುನಡುವೆ ಯೊವಾನ್ನ. ಗೋಪುರದ ಸಾಮತಿ 2016ರಲ್ಲಿ ಬಂತು ಎಂದರೆ ಮತ್ತೆ ಅದರ ಸರದಿ 2019ಕ್ಕೆ, ಆಮೇಲೆ 2022ಕ್ಕೆ. ಅದೇ ಜನ, ಅದೇ ಕಥೆ. ಅದಕ್ಕೆ ಹೊಂದುವ ಹೊಸ ಉದಾಹರಣೆ ಮಾತ್ರ ಪಾದ್ರಿಗಳ ಪಾಲಿಗೆ ಬಿಟ್ಟ ಕೆಲಸ. ಅದಕ್ಕಿರುವ ಹೊತ್ತೂ ಕಡಿಮೆ. ಪ್ರವಚನದಲ್ಲಿ ಒಂದು ವಿಚಾರ, ಒಂದು ಭಾವ, ಒಂದು ಚಿತ್ರ ಇದ್ದರೆ ಸಾಕೆಂದು ಪೋಪ್ ಫ್ರಾನ್ಸಿಸ್ 2013ರಲ್ಲೇ ಬರೆದಿದ್ದರು. 2024ರ ಜೂನ್‌ನಲ್ಲಿ ಎಂಟು ನಿಮಿಷ ಮೀರಬಾರದೆಂದೂ ಹೇಳಿದರು. ಎಂಟು ನಿಮಿಷದಲ್ಲಿ ಒಂದೇ ಒಂದು ಚಿತ್ರ ಹಿಡಿಯುತ್ತದೆ. ಆ ಒಂದು ಯಾವುದು ಎಂಬುದೇ ವಾರದ ಚಿಂತೆ.

ಯೇಸುವಿಗೆ ಈ ಚಿಂತೆ ಇದ್ದಂತೆ ಕಾಣುವುದಿಲ್ಲ. ಬಿತ್ತುವವನು, ಹಿಟ್ಟು ಹುದುಗಿಸುವವಳು, ಕಳೆದ ನಾಣ್ಯಕ್ಕಾಗಿ ದೀಪ ಹಚ್ಚಿ ಮನೆ ಗುಡಿಸುವವಳು, ಹಳೆ ಬಟ್ಟೆಗೆ ಹೊಸ ತೇಪೆ ಹಾಕುವವರು ಎಲ್ಲರೂ ಕಣ್ಣೆದುರಿಗಿದ್ದವರು. ತೊಡಕು ಶುರುವಾಗುವುದು ಆ ಗಲಿಲಾಯದ ಸಾಮಾನು ಬೇರೆ ಊರಿಗೆ ಬಂದಾಗ. ಕರಾವಳಿಯ ಈ ಮಳೆಯಲ್ಲಿ ಕುರಿಮಂದೆ ಎಲ್ಲಿದೆ? ತೊಕ್ಕೊಟ್ಟಿನ ಮಗುವಿಗೆ ಕಳೆದುಹೋದ ಕುರಿ ಎಂದರೆ ಕ್ರಿಸ್ಮಸ್ ಗೋದಲಿಯ ಬೊಂಬೆ. ಅದೇ ಮಗುವಿಗೆ, ಸಂಜೆ ಹಟ್ಟಿಗೆ ಬಾರದ ದನವನ್ನು ಅಜ್ಜಿ ಟಾರ್ಚು ಹಿಡಿದು ಹುಡುಕುತ್ತ ಹೋದದ್ದು ಗೊತ್ತಿದ್ದೀತು. ಸಾಸಿವೆ ಕಾಳು ಒಗ್ಗರಣೆ ಡಬ್ಬಿಯಲ್ಲಿದೆ, ಗಿಡವನ್ನು ನೋಡಿದವರು ಕಡಿಮೆ. ಹಕ್ಕಿ ಬಂದು ಕೂರುವಷ್ಟು ದೊಡ್ಡದಾಗುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಹಳೆ ಗೋಡೆಯ ಬಿರುಕಿನಲ್ಲಿ ಹುಟ್ಟಿ ಗೋಡೆಯನ್ನೇ ಸೀಳುವ ಗೋಳಿ ಮರ, ಅಂದರೆ ಆಲ, ಎಲ್ಲರಿಗೂ ಗೊತ್ತು, ಅದರ ಬೀಜವೋ ಸಾಸಿವೆಗಿಂತಲೂ ಸಣ್ಣದು. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕನು ಮಗ ಶ್ವೇತಕೇತುವಿನಿಂದ ತರಿಸಿ ಒಡೆದು ನೋಡೆಂದದ್ದೂ ಆಲದ ಹಣ್ಣನ್ನೇ.

ಹುಳಿಹಿಟ್ಟಿನ ಸಾಮತಿಗಂತೂ ಕೊಂಕಣಿ ಅಡುಗೆಮನೆಯಲ್ಲಿ ಜೋಡಿ ಸಿದ್ಧವಾಗಿದೆ. ಸಾನ್ನಾಂ ಮಾಡಲು ಅಕ್ಕಿ ಹಿಟ್ಟಿಗೆ ಸೇಂದಿ ಹಾಕಿ ರಾತ್ರಿ ಮುಚ್ಚಿಡುತ್ತಾರೆ. ಬೆಳಿಗ್ಗೆ ಪಾತ್ರೆ ಉಕ್ಕಿ ಹರಿದಿರುತ್ತದೆ. ಮತ್ತಾಯನಲ್ಲಿ ಬರುವ ಹೆಂಗಸು ಹುದುಗಿಸಿದ್ದು ಮೂರು ಅಳತೆ ಹಿಟ್ಟು, ಈಗಿನ ಲೆಕ್ಕದಲ್ಲಿ ಸುಮಾರು 40 ಲೀಟರ್. ಒಂದು ಮನೆಯ ನಾಷ್ಟಾಕ್ಕೆ ಯಾರೂ ಅಷ್ಟು ಕಲಸುವುದಿಲ್ಲ. ಓದುವಾಗ ಕಣ್ಣು ತಪ್ಪುವ ಈ ಅಳತೆಯನ್ನು, ಮದುವೆಯ ಮುನ್ನಾದಿನದ ‘ರೋಸ್’ ಶಾಸ್ತ್ರದ ಮನೆಯಲ್ಲಿ ಹಿಟ್ಟು ರುಬ್ಬಿದ ಹೆಂಗಸರು ತಕ್ಷಣ ಹಿಡಿದಾರು: ಇದು ಸಮಾರಂಭದ ಅಡುಗೆ, ಊರಿಗೇ ಊಟ.

ಇನ್ನು ರಂಪಣಿ. ದೋಣಿಯಲ್ಲಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದಂತೆ ಬಿಟ್ಟುಬಂದು, ಎರಡು ತುದಿಗಳ ಹಗ್ಗವನ್ನು ದಡದಲ್ಲಿ ನಿಂತು ಹತ್ತಾರು ಜನ ಎಳೆಯುವ ಮೀನುಗಾರಿಕೆ ಅದು. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬರುವ ತನಕ ಕರಾವಳಿಯ ದೊಡ್ಡ ಮೀನುಗಾರಿಕೆಯೇ ರಂಪಣಿಯಾಗಿತ್ತು. ಅದರ ಚಿಕ್ಕ ರೂಪವಾದ ಕೈರಂಪಣಿ ಕೆಲವೆಡೆ ಈಗಲೂ ಇದೆ. ಮತ್ತಾಯನ ಹದಿಮೂರನೆಯ ಅಧ್ಯಾಯದಲ್ಲಿ ಸ್ವರ್ಗಸಾಮ್ರಾಜ್ಯಕ್ಕೆ ಹೋಲಿಸಿದ ಬಲೆಗೆ ಗ್ರೀಕ್ ಮೂಲದಲ್ಲಿರುವ ಪದ ‘ಸಗೀನೆ’. ಅದು ಬೀಸುವ ಬಲೆಯಲ್ಲ, ದಡಕ್ಕೆ ಎಳೆಯುವ ಬಲೆ. ಎಲ್ಲ ಬಗೆಯದೂ ಸಿಕ್ಕುತ್ತದೆ, ದಡದಲ್ಲಿ ಕುಳಿತು ಆರಿಸುತ್ತಾರೆ. ಬಂಗುಡೆ, ಬೂತಾಯಿ ಒಂದು ಕಡೆ, ತಿನ್ನಲಾಗದ್ದು ಇನ್ನೊಂದು ಕಡೆ. ಉಳ್ಳಾಲದ ದಡದಲ್ಲಿ ಬೆಳೆದವರ ಮುಂದೆ ಈ ಸಾಮತಿಯನ್ನು ವಿವರಿಸುವವರೇ ಎಚ್ಚರದಿಂದಿರಬೇಕು. ಯಾವ ಮೀನು ಎಲ್ಲಿ ಬೀಳುತ್ತದೆ ಎಂಬುದು ಕೇಳುವವರಿಗೇ ಚೆನ್ನಾಗಿ ಗೊತ್ತು.

ಪಕ್ಕದ ಮಂಗಳೂರಿನಲ್ಲಿ ಈ ಹುಡುಕಾಟಕ್ಕೆ ದೀರ್ಘ ಇತಿಹಾಸವಿದೆ. 1834ರಲ್ಲಿ ಬಾಸೆಲ್ ಮಿಶನ್ನಿನ ಮೊದಲ ಮೂವರು ಬಂದಿಳಿದಾಗ ಅವರ ಬಳಿ ಇದ್ದುದು ಯುರೋಪಿನ ಹಿಮ, ದ್ರಾಕ್ಷಿ, ಗೋಧಿಯ ಉದಾಹರಣೆಗಳು. ಅವರಲ್ಲೊಬ್ಬರಾದ ಸಾಮ್ಯುಯೆಲ್ ಹೆಬಿಕ್ ಜಾತ್ರೆಗಳಿಗೆ ಹೋಗಿ ಜನಜಂಗುಳಿಯ ನಡುವೆ ಪ್ರಸಂಗ ಮಾಡುತ್ತಿದ್ದರು. ಅವರ ಕೈಯಲ್ಲಿ ಚಿತ್ರಗಳ ಒಂದು ಪುಸ್ತಕ. ಅದರ ಚಿತ್ರಗಳಲ್ಲಿ ಒಂದು ದೊಡ್ಡ ಹೃದಯ, ಅದರೊಳಗೆ ಪ್ರಾಣಿಗಳು: ಗರ್ವಕ್ಕೆ ನವಿಲು, ಹೊಟ್ಟೆಬಾಕತನಕ್ಕೆ ಹಂದಿ, ಸೋಮಾರಿತನಕ್ಕೆ ಆಮೆ, ಹೊಟ್ಟೆಕಿಚ್ಚಿಗೆ ಹಾವು, ಕೋಪಕ್ಕೆ ಹುಲಿ. ಜರ್ಮನಿಯ ಗೋಸ್ನರ್ 1812ರ ಸುಮಾರಿಗೆ ಪ್ರಕಟಿಸಿದ ಪುಸ್ತಕ ಅದು. ಆದರೆ ನವಿಲು, ಹುಲಿ, ಹಾವು ಜರ್ಮನಿಯ ರೈತನಿಗಿಂತ ತುಳುನಾಡಿನವನಿಗೇ ಹತ್ತಿರದವು. ಭೂತಾರಾಧನೆಯ ನಾಡಿನಲ್ಲಿ ಹಂದಿಗೂ ಹುಲಿಗೂ ದೈವದ ರೂಪವಿದೆ, ನಾಗನಿಗೆ ಬನವಿದೆ. ಇಲ್ಲಿನವರು ಕೈಮುಗಿಯುವ ಹಾವನ್ನು ಪಾಪದ ಗುರುತಾಗಿ ತೋರಿಸಿದರೆ ಎದುರಿಗಿದ್ದವರ ಮನಸ್ಸಿಗೆ ಹೇಗಾದೀತು ಎಂಬ ಪ್ರಶ್ನೆಯನ್ನು ಆ ಚಿತ್ರಪುಸ್ತಕ ಕೇಳಿಕೊಂಡಿರಲಿಲ್ಲ. ಪರಊರಿನ ಉದಾಹರಣೆ ಅರ್ಥವಾಗದೆ ಸೋಲುವುದುಂಟು, ಬೇರೆಯದೇ ಅರ್ಥ ಕೊಟ್ಟು ನೋಯಿಸುವುದೂ ಉಂಟು.

ಅವರ ನಂತರ ಬಂದವರು ಹೆಚ್ಚು ಕಿವಿಗೊಟ್ಟರು. ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ನಿಘಂಟಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಸಿ ಛಂದಸ್ಸಿನಲ್ಲಿ ಹೇಳಿದರು. ಮ್ಯಾನರ್ ತುಳುವಿನ ಕಥನಗೀತೆಗಳಾದ ಪಾಡ್ದನಗಳನ್ನು 1886ರಲ್ಲಿ ಮುದ್ರಿಸಿದರು. ಬೋಧಿಸಲು ಬಂದವರು ಮೊದಲು ಇಲ್ಲಿನ ಗಾದೆ, ಪದ, ಪಾಡ್ದನ ಕೇಳಿಸಿಕೊಳ್ಳಬೇಕಾಯಿತು. ಪ್ರಸಂಗಕ್ಕೆ ಬೇಕಾದ ಚಿತ್ರಗಳೆಲ್ಲ ಇದ್ದದ್ದು ಅಲ್ಲೇ.

ಕಥೆಗಳು ಈ ದಿಕ್ಕಿನಿಂದ ಆ ದಿಕ್ಕಿಗೂ ಹೋಗಿವೆ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಕಥೆಯೊಂದಿದೆ: ಕಾಡಿನಲ್ಲಿ ಬಾವಿಗೆ ಬಿದ್ದು ಬಳ್ಳಿಗೆ ಜೋತುಬಿದ್ದವನು, ಮೇಲೆ ಆನೆ, ಕೆಳಗೆ ಹಾವು, ಬುಡ ಕಡಿಯುವ ಕಪ್ಪು ಬಿಳಿ ಇಲಿಗಳು, ಇಷ್ಟರ ನಡುವೆ ಅವನ ಬಾಯಿಗೆ ತೊಟ್ಟಿಕ್ಕುವ ಜೇನು. ಜೈನರಿಗೆ ಇದು ಮಧುಬಿಂದು ದೃಷ್ಟಾಂತ. ಬುದ್ಧನ ಜೀವನಕಥೆ ‘ಬಾರ್ಲಾಮ್ ಮತ್ತು ಯೋಸಾಫಾತ್’ ಎಂಬ ಕ್ರೈಸ್ತ ಸಂತರ ಕಥೆಯಾಗಿ ಪಶ್ಚಿಮಕ್ಕೆ ಹೋದಾಗ ಜೇನಿನ ಕಥೆಯೂ ಜೊತೆಗೆ ಹೋಯಿತು. ಯೋಸಾಫಾತ್ ಎಂಬ ಹೆಸರೇ ಬೋಧಿಸತ್ತ್ವ ಎಂಬುದು ಸವೆದು ಆದದ್ದು. ಮಧ್ಯಯುಗದ ಯುರೋಪಿನ ಬೋಧಕರು ತಮ್ಮ ಜನರಿಗೆ ಈ ಕಥೆ ಹೇಳಿದರು, ಆನೆಯ ಜಾಗಕ್ಕೆ ಒಂಟಿಕೊಂಬಿನ ಪ್ರಾಣಿ ಬಂದಿತ್ತು ಅಷ್ಟೇ. ಅವರೂ ತಮ್ಮೂರಿಗೆ ಹೊಂದಿಸಿಕೊಂಡಿದ್ದರು.

ಊರಿಗೆ ಹೊಂದಿಸುವುದು ಮಾತ್ರ ಸಾಲದು ಎಂಬುದಕ್ಕೆ ಉಳ್ಳಾಲದ ಕಡಲತೀರಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮರಳಿನ ಮೇಲೆ ಮನೆ ಕಟ್ಟಿದ ಬುದ್ಧಿಹೀನನ ಸಾಮತಿಯನ್ನು ಪ್ರತಿ ವರ್ಷ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಮೊದಲ ಗುರುವಾರ ಓದುತ್ತಾರೆ. ಆಗ ಕಡಲು ಶಾಂತ. ಜೂನ್, ಜುಲೈಗೆ ಅದೇ ಕಡಲು ಉಳ್ಳಾಲ, ಸೋಮೇಶ್ವರ, ಉಚ್ಚಿಲದ ದಡ ಕೊರೆಯುತ್ತದೆ. ತೆಂಗಿನಮರಗಳು ಬೇರು ಸಮೇತ ಮಲಗುತ್ತವೆ, ಮನೆಗಳ ಗೋಡೆ ಕುಸಿಯುತ್ತದೆ. ಲಾರಿಗಟ್ಟಲೆ ಬಂಡೆ ಸುರಿದದ್ದಾಯಿತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ನೆರವಿನಿಂದ ಕಡಲೊಳಗೆ ಕೃತಕ ರೀಫ್ ಕಟ್ಟಿದ್ದೂ ಆಯಿತು. ಇಂಥ ಊರಿನಲ್ಲಿ ಪಾದ್ರಿಗಳು ಉತ್ಸಾಹದಿಂದ, ‘ನಮ್ಮ ಉಳ್ಳಾಲದಲ್ಲೇ ನೋಡಿ’ ಎಂದು ಶುರುಮಾಡಿದರೆ ಏನಾಗುತ್ತದೆ? ಉದಾಹರಣೆ ಕಣ್ಣಿಗೆ ಕಟ್ಟುತ್ತದೆ, ಮನಸ್ಸು ಮುರಿಯುತ್ತದೆ. ಕಡಲಂಚಿನಲ್ಲಿ ಮನೆ ಕಟ್ಟಿದವರು ಬುದ್ಧಿಹೀನರಲ್ಲ. ಮೀನುಗಾರರು ದೋಣಿ ಕಾಣುವ ಕಡೆ ಇರಬೇಕು, ಅಜ್ಜನ ಕಾಲದಲ್ಲಿ ದಡ ಇನ್ನೂ ದೂರದಲ್ಲಿತ್ತು, ಬೇರೆ ಕಡೆ ಜಾಗ ಕೊಳ್ಳುವ ಶಕ್ತಿ ಇಲ್ಲ. ಮನೆ ಕಳಕೊಂಡವರು ಬೆಂಚಿನ ಮೇಲೆ ಕುಳಿತು ತಮ್ಮನ್ನು ಮೂರ್ಖರೆಂದು ಕರೆಯುವುದನ್ನು ಕೇಳಬೇಕೇ?

ದಾರಿ ಲೂಕನಲ್ಲೇ ಇದೆ. ಅದೇ ಸಾಮತಿಯನ್ನು ಲೂಕ ಹೇಳುವಾಗ ಒತ್ತು ಮರಳಿನ ಮೇಲಿಲ್ಲ, ಅಗೆಯುವುದರ ಮೇಲಿದೆ. ಒಬ್ಬ ಆಳಕ್ಕೆ ಅಗೆದು ಬಂಡೆ ಸಿಕ್ಕಿದ ಮೇಲೆ ಪಂಚಾಂಗ ಹಾಕಿದ, ಇನ್ನೊಬ್ಬ ಪಂಚಾಂಗವೇ ಇಲ್ಲದೆ ಕಟ್ಟಿದ. ಕೆಂಪುಕಲ್ಲಿನ ಮನೆ ಕಟ್ಟುವ ಮೇಸ್ತ್ರಿ, ಸಡಿಲ ಮಣ್ಣು ಕಂಡರೆ ಇನ್ನೊಂದು ಅಡಿ ಇಳಿಸಿ ಎಂದು ಹಟ ಹಿಡಿಯುವುದನ್ನು ಮನೆ ಕಟ್ಟಿಸಿದ ಯಾರೂ ಮರೆಯುವುದಿಲ್ಲ. ಖರ್ಚು ಏರುತ್ತದೆ, ಹೊರಗೆ ಒಂದಿಂಚೂ ಕಾಣುವುದಿಲ್ಲ. ಅಗೆಯುವ ಆ ತಾಳ್ಮೆಯನ್ನು ಹೇಳಿದರೆ ಬೋಧೆ ಪೂರ್ತಿ ದಾಟುತ್ತದೆ, ಯಾರ ಗಾಯವೂ ಕೆದರುವುದಿಲ್ಲ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಗೂ ಇಂಥದೇ ನಾಜೂಕು ಬೇಕು. ಬೆಳಿಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ. ಉಳ್ಳಾಲದ ಸುತ್ತ ಎಷ್ಟೋ ಮನೆಗಳ ಒಲೆ ಉರಿದದ್ದು ಬೀಡಿಯಿಂದ. ಅಲ್ಲಿ ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ, ಸರಿಯಿಲ್ಲದ್ದನ್ನು ತೆಗೆದುಹಾಕುತ್ತಾರೆ. ಬೆನ್ನು ಬಗ್ಗಿಸಿ ಲೆಕ್ಕದ ಕೂಲಿ ಪಡೆದ ಹೆಂಗಸಿಗೆ ಆ ಯಜಮಾನನ ಔದಾರ್ಯಕ್ಕಿಂತ ಬೆಳಿಗ್ಗೆ ಬಂದವರ ಗೊಣಗಾಟವೇ ನ್ಯಾಯವಾಗಿ ಕಂಡೀತು. ಒಳ್ಳೆಯ ಬೋಧಕರು ಆ ಗೊಣಗಾಟವನ್ನು ಬೇಗ ತಳ್ಳಿಹಾಕುವುದಿಲ್ಲ. ಮೊದಲು ಅವಳ ಪಕ್ಕ ಕುಳಿತು ಬೀಡಿಯ ಲೆಕ್ಕ ಹಾಕುತ್ತಾರೆ, ಆಮೇಲೆ ಸಂಜೆಯವರೆಗೂ ಕೆಲಸ ಸಿಗದೆ ಜಂಕ್ಷನ್ನಿನಲ್ಲಿ ನಿಂತವನ ಮನೆಯಲ್ಲೂ ಹಸಿದ ಮಕ್ಕಳಿದ್ದಾರೆ ಎಂಬಲ್ಲಿಗೆ ಬರುತ್ತಾರೆ.

ನಿಜವಾದ ಮನುಷ್ಯರನ್ನು ಉದಾಹರಣೆ ಮಾಡಿದ ಪ್ರವಚನಗಳಲ್ಲಿ ಬಹಳ ಹಳೆಯದೊಂದು ರೋಮಿನದ್ದು. 590ರಲ್ಲಿ ಪೋಪ್ ಆದ ಮಹಾ ಗ್ರೆಗೊರಿ ಬಿತ್ತುವವನ ಸಾಮತಿಯ ಮೇಲೆ ಮಾತಾಡುತ್ತ, ಸೆರ್ವುಲಸ್ ಎಂಬ ಭಿಕ್ಷುಕನ ಕಥೆ ಹೇಳಿದರು. ಸಂತ ಕ್ಲೆಮೆಂತರ ಚರ್ಚಿಗೆ ಹೋಗುವ ದಾರಿಯ ಮಂಟಪದಲ್ಲಿ ಆತ ಮಲಗಿರುತ್ತಿದ್ದ. ಪಾರ್ಶ್ವವಾಯು, ಏಳಲಾಗದು, ಕೈಯನ್ನು ಬಾಯಿಗೆ ತರಲಾಗದು. ತಾಯಿ, ಸೋದರ ನೋಡಿಕೊಳ್ಳುತ್ತಿದ್ದರು. ಸಿಕ್ಕ ಭಿಕ್ಷೆಯಲ್ಲಿ ಇತರ ಬಡವರಿಗೂ ಕೊಡಿಸುತ್ತಿದ್ದ. ಓದು ಬಾರದಿದ್ದರೂ ಧರ್ಮಗ್ರಂಥದ ಪ್ರತಿಗಳನ್ನು ಕೊಂಡು, ಮನೆಗೆ ಬಂದ ಅತಿಥಿಗಳಿಂದ ಓದಿಸಿ ಕೇಳಿ ಕೇಳಿ ಪೂರ್ತಿ ಕಲಿತಿದ್ದ. ಒಳ್ಳೆಯ ನೆಲ ತಾಳ್ಮೆಯಿಂದ ಫಲ ಕೊಡುತ್ತದೆ ಎಂಬುದಕ್ಕೆ ಗ್ರೆಗೊರಿ ಹುಡುಕಿಕೊಂಡ ನೆಲ ಇದು. ಕೇಳುತ್ತಿದ್ದವರಲ್ಲಿ ಅನೇಕರು ಆತನನ್ನು ಕಂಡವರೇ ಎಂಬುದನ್ನೂ ಅವರು ನೆನಪಿಸಿದರು. ಚರ್ಚಿಗೆ ಬರುವಾಗ ದಿನವೂ ದಾಟಿ ಬಂದ ಮನುಷ್ಯ ಪ್ರವಚನದೊಳಗೆ ಎದ್ದು ನಿಂತದ್ದನ್ನು ಕಂಡು ಆ ಜನರಿಗೆ ಹೇಗನ್ನಿಸಿರಬೇಕು! ಸೆರ್ವುಲಸ್ ಆಗ ಬದುಕಿರಲಿಲ್ಲ. ಆತನ ಬಗ್ಗೆ ಹೇಳಿದ್ದೆಲ್ಲ ಗೌರವದ ಮಾತು. ಈ ಎರಡು ಸಂಗತಿಗಳನ್ನು ಗಮನಿಸಿದರೆ ಗ್ರೆಗೊರಿ ಎಷ್ಟು ಜಾಗ್ರತೆಯಿಂದ ಆರಿಸಿದ್ದರು ಎಂಬುದು ತಿಳಿಯುತ್ತದೆ.

ಏಕೆಂದರೆ ಊರಿನ ಕಥೆಗಳು ಅತಿ ಹೆಚ್ಚು ತಿಳಿಯುವುದು ಪಾದ್ರಿಗಳಿಗೇ, ಬಾಯಿ ಕಟ್ಟಿರುವುದೂ ಅವರದೇ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಯಾವ ರೀತಿಯಲ್ಲೂ ಹೊರಗೆಡಹಬಾರದೆಂದು ಕಥೋಲಿಕ ಚರ್ಚಿನ ಕಾನೂನಿನ 983ನೆಯ ವಿಧಿ ಹೇಳುತ್ತದೆ. ನಿವೇದಿಸಿದವರಿಗೆ ತೊಂದರೆಯಾಗುವಂತೆ ಆ ತಿಳಿವಳಿಕೆಯನ್ನು ಬಳಸಲೂಬಾರದು ಎಂದು ಮುಂದಿನ ವಿಧಿ ಸೇರಿಸುತ್ತದೆ. ಕಾನೂನು ಹಿಡಿಯದ ಕಥೆಗಳೂ ಇವೆ: ಆಸ್ಪತ್ರೆಯ ಹಾಸಿಗೆಯ ಪಕ್ಕ ಕೇಳಿದ್ದು, ಆಸ್ತಿ ಪಾಲಿನ ಜಗಳ ಬಿಡಿಸುವಾಗ ಕಂಡದ್ದು, ಗಲ್ಫಿನಿಂದ ಹಣ ಕಳಿಸುವುದನ್ನು ನಿಲ್ಲಿಸಿದ ಮಗನ ವಿಷಯ. ಹೆಸರು ಬದಲಿಸಿದರೂ ತೊಕ್ಕೊಟ್ಟಿನಂಥ ಊರಲ್ಲಿ ಮೂರನೆಯ ವಾಕ್ಯಕ್ಕೆ ಯಾರ ಮನೆಯದೆಂದು ಗೊತ್ತಾಗಿಬಿಡುತ್ತದೆ.

ಹೀಗಾಗಿ ಕೆಲವರು ಸುಲಭದ ದಾರಿ ಹಿಡಿಯುತ್ತಾರೆ, ಸಿದ್ಧ ಕಥೆಗಳದ್ದು. ಮುಂಬೈಯಲ್ಲಿ ಹುಟ್ಟಿದ ಜೆಸುಯಿಟ್ ಆಂಥನಿ ಡಿಮೆಲ್ಲೊ ಅವರ ಪುಟ್ಟ ಕಥೆಗಳು ಎಷ್ಟೋ ಪ್ರವಚನಗಳಿಗೆ ಉಸಿರು ಕೊಟ್ಟಿವೆ. ಅವು ಒಳ್ಳೆಯ ಕಥೆಗಳೇ. ವಾಟ್ಸಾಪಿನಲ್ಲಿ ಬರುವವುಗಳ ಮಾತು ಬೇರೆ. ನಲವತ್ತನೆಯ ವರ್ಷಕ್ಕೆ ಹದ್ದು ಬೆಟ್ಟ ಹತ್ತಿ ಕೊಕ್ಕನ್ನು ಬಂಡೆಗೆ ಬಡಿದು ಉದುರಿಸಿ, ಹೊಸ ಕೊಕ್ಕು ಬೆಳೆಸಿಕೊಂಡು ಇನ್ನೂ ಮೂವತ್ತು ವರ್ಷ ಬದುಕುತ್ತದೆ ಎಂಬ ಕಥೆಯನ್ನು ಎಷ್ಟೋ ವೇದಿಕೆಗಳಲ್ಲಿ ಹೇಳುತ್ತಾರೆ. ಅದು ಸುಳ್ಳು. ಕೊಕ್ಕು ಕಳಕೊಂಡ ಹದ್ದು ಉಪವಾಸದಿಂದ ಸಾಯುತ್ತದೆ. ಒಂಟೆ ಮತ್ತು ಸೂಜಿಯ ಕಣ್ಣಿನ ಮಾತಿಗೆ, ಜೆರುಸಲೇಮಿನಲ್ಲಿ ‘ಸೂಜಿಕಣ್ಣು’ ಎಂಬ ಚಿಕ್ಕ ಬಾಗಿಲಿತ್ತು, ಹೊರೆ ಇಳಿಸಿದರೆ ಒಂಟೆ ಮಂಡಿಯೂರಿ ದಾಟುತ್ತಿತ್ತು ಎಂಬ ವಿವರಣೆಯೂ ಹಾಗೆಯೇ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲಿತ್ತೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಶ್ರೀಮಂತರಿಗೆ ಕೊಂಚ ನೆಮ್ಮದಿ ಕೊಡುವ ಈ ಬಾಗಿಲು ಮೂಲ ಮಾತಿನ ಮೊನೆಯನ್ನೇ ಮುರಿಯುತ್ತದೆ. ಬೆಂಚಿನಲ್ಲಿ ಕುಳಿತ ಕಾಲೇಜು ಹುಡುಗಿಗೆ ಫೋನಿನಲ್ಲಿ ಹದ್ದಿನ ಕಥೆಯನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಹದ್ದು ಸುಳ್ಳೆಂದು ಗೊತ್ತಾದ ಮೇಲೆ ಅದೇ ಬಾಯಿಂದ ಬಂದ ಉಳಿದ ಮಾತಿನ ಮೇಲೂ ಅವಳಿಗೆ ಅನುಮಾನ ಬಂದರೆ ತಪ್ಪು ಅವಳದಲ್ಲ.

ನದಿಯಾಚೆ, ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯಲ್ಲಿ 1879ರಿಂದ ಪಾದ್ರಿಗಳು ತಯಾರಾಗುತ್ತಿದ್ದಾರೆ. ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು 1965ರಿಂದ ಪ್ರೊಟೆಸ್ಟಂಟ್ ಸಭಾಪಾಲಕರನ್ನು ತಯಾರು ಮಾಡುತ್ತಿದೆ. ಅದೇ ಜೆಪ್ಪುವಿನಲ್ಲಿ 1865ರಲ್ಲಿ ಪ್ಲೆಬ್ಸ್ಟ್ ಶುರುಮಾಡಿದ ಬಾಸೆಲ್ ಮಿಶನ್ನಿನ ಹಂಚಿನ ಕಾರ್ಖಾನೆ ನೇತ್ರಾವತಿಯ ಜೇಡಿಮಣ್ಣನ್ನು ಊರೂರಿನ ಮಾಡಾಗಿಸಿತು. ಯೆರೆಮೀಯ ಪ್ರವಾದಿ ಕುಂಬಾರನ ಮನೆಗೆ ಇಳಿದುಹೋಗಿ, ತಿಗರಿಯ ಮೇಲೆ ಕೆಟ್ಟ ಮಣ್ಣು ಮತ್ತೆ ಪಾತ್ರೆಯಾಗುವುದನ್ನು ನೋಡಿದ ಭಾಗ ಬಂದರೆ ಇಲ್ಲಿನ ಬೋಧಕರು ದೂರ ಹೋಗಬೇಕಿಲ್ಲ. ತಲೆಯೆತ್ತಿ ಹಳೆಯ ಮಾಡು ನೋಡಿದರೆ ಸಾಕು. ಹಸಿ ಮಣ್ಣನ್ನು ಮತ್ತೆ ಕಲಸಬಹುದು, ಸುಟ್ಟ ಹಂಚನ್ನು ಕಲಸಲಾಗದು. ಹಂಚಿನ ಕಾರ್ಖಾನೆಯಲ್ಲಿ ದುಡಿದವರ ಮೊಮ್ಮಕ್ಕಳಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ.

ಗೋಪುರದ ಓದು 2025ರ ಸೆಪ್ಟೆಂಬರ್ 7ರಂದು ಮತ್ತೆ ಬಂತು. ಅಷ್ಟರಲ್ಲಿ ತೊಕ್ಕೊಟ್ಟಿನ ಮೇಲ್ಸೇತುವೆ ತೆರೆದು ಆರು ವರ್ಷವಾಗಿತ್ತು. ವರ್ಷಗಟ್ಟಲೆ ಊರಿನ ನಗೆಮಾತಾಗಿದ್ದ ಪಂಪ್‌ವೆಲ್ಲಿನದ್ದೂ 2020ರ ಜನವರಿ 31ರಂದು ತೆರೆದುಕೊಂಡಿತ್ತು. ಅರ್ಧಕ್ಕೆ ನಿಂತ ಸೇತುವೆಯನ್ನು ಕಂಡು ಎಲ್ಲರೂ ಸೇರಿ ನಗಬಹುದಿತ್ತು, ಏಕೆಂದರೆ ಅದು ಯಾರೊಬ್ಬರ ಮನೆಯ ಸೇತುವೆಯೂ ಆಗಿರಲಿಲ್ಲ. ಇನ್ನು ಆ ಓದಿನ ಸರದಿ 2028ರ ಸೆಪ್ಟೆಂಬರಿಗೆ. ತೊಕ್ಕೊಟ್ಟಿನ ಮೇಲ್ಸೇತುವೆ ತೆರೆದ ವರ್ಷ ಹುಟ್ಟಿದ ಮಕ್ಕಳಿಗೆ ಆಗ ಒಂಬತ್ತು. ಅರ್ಧ ಸೇತುವೆಯನ್ನು ಅವರು ಕಂಡೇ ಇಲ್ಲ. ದಾರಿಯಲ್ಲಿ ಕಾಣುವುದು ಮೊದಲ ಮಹಡಿಗೆ ನಿಂತ ಯಾರದೋ ಮನೆ, ಗಿಲಾವು ಕಾಣದ ಕೆಂಪುಕಲ್ಲಿನ ಗೋಡೆ, ಮೇಲೆ ತುಕ್ಕು ಹಿಡಿದ ಸರಳುಗಳು. ಲೂಕನ ಸಾಮತಿಗೆ ಅದು ಸರಿಯಾಗಿ ಹೊಂದುತ್ತದೆ. ಆದರೆ ಆ ಮನೆಯವರು ಭಾನುವಾರ ಪೂಜೆಗೆ ಬಂದು ಮೂರನೆಯ ಬೆಂಚಿನಲ್ಲಿ ಕೂರುವವರು.